ನಾಲ್ಕನೆಯ ಕೆಮ್ಮು

ಮೂರು ಸಲ ಕೆಮ್ಮಿ, ಅನ್ನುತ್ತೇನೆ.
ಒಂದು ಮೊಳ ದೂರದಲ್ಲಿ ಹಿಡಿಯುತ್ತೇನೆ ಫೋನು.
ಶಿಡ್ಲಘಟ್ಟದ ಗಲ್ಲಿಗಳಲ್ಲಿ ನಾನೀಗ
ಕೆಮ್ಮು ಕೂಡಿಸುವವಳು,
ಚೀಟಿ ದುಡ್ಡಿಗೆ ಬರುವವಳ ಹಾಗೆ
ಮನೆಮನೆಗೆ.

ಸುತ್ತ ಸದ್ದಿದೆ, ನಿಶ್ಶಬ್ದವಾದ ಜಾಗಕ್ಕೆ ಹೋಗಿ
ಎನ್ನುತ್ತದೆ ಪರದೆ.
ಎಲ್ಲಿಗೆ ಹೋಗಲಿ?
ಈ ಕಡೆ ಮೂವತ್ತು ರಾಟೆ, ಆ ಕಡೆ ಬಾಯ್ಲರು,
ಚರಂಡಿಯಲ್ಲಿ ಬೆಂದ ಹುಳುವಿನ ನೀರು ಗೊಳಗೊಳ.
ಕೊನೆಗೆ ಗೂಡಿನ ಮೂಟೆಗಳ ನಡುವೆ ಒಂದು ಸಂದಿ.
ಗೂಡು ಸದ್ದನ್ನು ಹೀರುತ್ತದೆ, ಗೊತ್ತಿರಲಿಲ್ಲ.
ಅಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೆಮ್ಮಿಸಿದೆ.

ತರಬೇತಿಯಲ್ಲಿ ಹೇಳಿದ್ದರು:
ಕೆಮ್ಮಿಗೆ ಭಾಷೆಯಿಲ್ಲ, ಯಂತ್ರಕ್ಕೆ ಎಲ್ಲ ಒಂದೇ.
ಹಿಂದಿನ ಬೆಂಚಿನ ಆಶಾಗಳೆಲ್ಲ ನಕ್ಕೆವು.
ನಮ್ಮತ್ತೆ ದಗ್ಗು ಅಂತಿದ್ದಳು, ಜಬೀನಾಗೆ ಅದು ಖಾಂಸಿ,
ಅದಿರಲಿ.
ಸೊಸೆಯರಿರುವ ಅಡುಗೆಮನೆಗೆ ಬರುವ ಮುನ್ನ
ಮಾವ ಕೆಮ್ಮುವುದುಂಟು, ಅದು ಬಾಗಿಲು ತಟ್ಟಿದ ಹಾಗೆ.
ಸಾಲ ಕೇಳುವ ಮುಂಚಿನದೊಂದು,
ಸುಳ್ಳು ಹೇಳಿದ ಮೇಲಿನದೊಂದು.

ಆದರೂ ಒಪ್ಪಬೇಕು.
ಫಯಾಜಣ್ಣನ ಕೆಮ್ಮು ಎರಡು ವರ್ಷ ನನ್ನ ಕಿವಿಯಲ್ಲೇ ಇತ್ತು.
ಹಬೆಯದು ಬಿಡು, ರೀಲಿನವರಿಗೆ ಇದ್ದದ್ದೇ
ಅಂತ ರಿಜಿಸ್ಟರಿನ ಹಾಳೆ ಮಗುಚಿದ್ದೆ.
ಫೋನು ನಿಮಿಷದಲ್ಲಿ ಕೆಂಪಾಯಿತು.
ಈಗ ಐದನೇ ತಿಂಗಳ ಮಾತ್ರೆ,
ಕೆನ್ನೆ ತುಂಬಿಕೊಂಡಿದೆ,
ಸಿಕ್ಕಾಗಲೆಲ್ಲ ಚಹಾ ಕುಡಿಸುತ್ತಾನೆ.
ಆ ಚಹಾ ನನಗೆ ಸೇರಬೇಕಾದದ್ದಲ್ಲ ಅಂತ
ಗಂಟಲಿಗೆ ಗೊತ್ತು.
ಅವನ ರಾಟೆಯ ಮುಂದೆ ಬೇರೆಯವನು ಕೂತಿದ್ದಾನೆ.
ಅದು ಶೆಡ್ಡಿಗೆಲ್ಲ ಗೊತ್ತು.

ಆಮೇಲೆ ಜಬೀನಾ ಬಂದಳು.
ಇಪ್ಪತ್ತು ವರ್ಷ ಕುದಿನೀರಲ್ಲಿ ಕೈಯಿಟ್ಟು
ಕೂದಲಿಗಿಂತ ತೆಳು ಎಳೆಯ ತುದಿ ಹುಡುಕಿದವಳು.
ಹೋದ ವರ್ಷ ಕ್ಯಾಮೆರಾ ಇರುವ ಮಿಷನ್ನು ಬಂತು,
ಎಳೆ ಹರಿದರೆ ತಾನೇ ಕಂಡು ತಾನೇ ಕೂಡಿಸುತ್ತದೆ.
ಹನ್ನೊಂದು ಹೆಂಗಸರಲ್ಲಿ ಇಬ್ಬರನ್ನು ಉಳಿಸಿಕೊಂಡರು.
ಹೋದವರಲ್ಲಿ ಒಬ್ಬಳು, ಗುಲ್ನಾರ್,
ಸಂತೆಯಲ್ಲಿ ಸಿಕ್ಕಿ ಎರಡೂ ಕೈ ಚಾಚಿದಳು:
ನೋಡಿ ಮೇಡಂ, ಬಿರುಕೆಲ್ಲ ಮಾಯಿತು,
ಉಗುರು ಬಂತು, ಮೆಹಂದಿಯೂ ಹತ್ತುತ್ತೆ.
ಏನು ಮಾಡಲಿ ಹೇಳಿ,
ಇಷ್ಟು ಚೆಂದದ ಕೈ ಇಟ್ಟುಕೊಂಡು?

ಉಳಿದ ಇಬ್ಬರಲ್ಲಿ ಜಬೀನಾ ಒಬ್ಬಳು.
ಫೋನು ಹಸಿರು ಅಂದವರಿಗೆ ಮಾತ್ರ ಕೆಲಸ
ಅಂದಿದ್ದಾರೆ ಮಾಲೀಕರು.
ಹಾಗಂತ ಫೋನು ಹೇಳಿಲ್ಲ, ನಾನೂ ಹೇಳಿಲ್ಲ.

ಕೆಮ್ಮಿದಳು.
ನಿಕಾಹದ ಮನೆಯಲ್ಲಿ ಬೀಗರೆದುರು ಕೆಮ್ಮುವ ಹಾಗೆ,
ತುಟಿಯ ತುದಿಯಿಂದ
ಒಂದು, ಎರಡು, ಮೂರು.
ಗುಂಡಗೆ ತಿರುಗಿ ತಿರುಗಿ ಹಸಿರು.
ನನಗಿಂತ ಮುಂಚೆ ಅವಳು ನೋಡಿದಳು.

ಫೋನು ಚೀಲಕ್ಕೆ ಹಾಕಿದ್ದೆ.
ಮೂರನೇ ಮೆಟ್ಟಿಲ ಮೇಲೆ ಬಂತು ನಾಲ್ಕನೆಯದು,
ಪಾದದಿಂದ ಎದ್ದ ಹಾಗೆ,
ಒಂದು ಕೈ ಗೋಡೆಗೆ, ದುಪಟ್ಟಾ ಬಾಯಿಗೆ,
ಬೆನ್ನು ಬಿಲ್ಲು.
ರಾಟೆಗಳು ತಿರುಗುತ್ತಲೇ ಇದ್ದವು.
ನಿಂತ ಮೇಲೆ ನನ್ನ ಕಡೆ ತಿರುಗಿ ಅಂದಳು,
ನೀವು ಕೇಳಿದ್ದು ಮೂರೇ.

ಚೀಲ ತಡಕಿ ಕಫದ ಡಬ್ಬಿ ತೆಗೆದು
ಮೆಟ್ಟಿಲ ಮೇಲಿಟ್ಟೆ.
ಬೆಳಿಗ್ಗೆ, ಬಾಯಿ ಮುಕ್ಕಳಿಸಿ, ಆಳದಿಂದ.
ಶೆಡ್ಡಿಗೆ ಬರುವುದಿಲ್ಲ,
ಮಸೀದಿ ಹಿಂದಿನ ನಲ್ಲಿಯ ಹತ್ತಿರ ಇರುತ್ತೇನೆ.

ಮುಚ್ಚಳದ ಮೇಲೆ ಹೆಸರಿನ ಜಾಗ ಖಾಲಿ.
ಪೆನ್ನು ತೆಗೆದೆ.
ಅವಳು ನೋಡುತ್ತಿದ್ದಳು.
ಕ್ಯಾಪು ಮತ್ತೆ ಹಾಕಿದೆ.